ಮಾತಿಗೆ ರೇಟ್ ಎಷ್ಟು? – ಹತ್ತು ಪೋಸ್ಟ್‌ಗಳಲ್ಲಿ ಒಂದು ಇತಿಹಾಸ

1/10

"ಏ ಕೆಪ್ಪ, ಕೇಳಸಂಗಿಲ್ಲೇನಲೆ?"

ನಮ್ಮ ಕಾಲೇಜಿನ ಕಾರಿಡಾರ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರೋ ಮಾತು ಇದು. ಲೆಕ್ಚರರ್ ಪ್ರಶ್ನೆ ಕೇಳಿದಾಗ ಉತ್ತರ ಕೊಡದೆ ಕೂತವನಿಗೆ 'ಮೂಗ' ಅನ್ನೋ ಇನ್ನೊಂದು ಹೆಸರು. ಬೈಯೋರಿಗೂ ಬೈಸಿಕೊಳ್ಳೋರಿಗೂ ಕಿವಿ ಚೆನ್ನಾಗೇ ಕೇಳುತ್ತೆ, ಬಾಯಿ ಅದಕ್ಕಿಂತ ಚೆನ್ನಾಗಿ ನಡೆಯುತ್ತೆ. ಅದಕ್ಕೇ ಅದು ಜೋಕು.

2011ರ ಜನಗಣತಿ ಪ್ರಕಾರ ಭಾರತದಲ್ಲಿ ಕಿವಿ ಕೇಳದವರು ಸುಮಾರು 50 ಲಕ್ಷ, ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ. ಇವರ ಕಿವಿಗೆ, ಗಂಟಲಿಗೆ, ಕೈಗೆ ಏನೇನು ಸಾಧನಗಳು ಬಂದವು, ಯಾರು ಮಾಡಿದರು, ಯಾರು ದುಡ್ಡು ಕೊಟ್ಟರು ಅನ್ನೋದನ್ನ ಈ ಸಲದ ಸೀರೀಸ್‌ನಲ್ಲಿ ಬರೀತೀನಿ. ಕೋಟೆ ಸೀರೀಸ್ ಓದಿದವರಿಗೆ ನನ್ನ ಅಭ್ಯಾಸ ಗೊತ್ತು, ರಾಜರ ಹೆಸರಿಗಿಂತ ಕಲ್ಲು ಎಳೆದವರ ಕೂಲಿ ಎಷ್ಟು ಅಂತ ಕೇಳೋದು. ಬಿಕಾಂ ಓದೋರ ರೋಗ ಇದು. ಏನು ನೋಡಿದರೂ ಕಾಸ್ಟ್ ಶೀಟ್ ಕಣ್ಣಿಗೆ ಬರುತ್ತೆ.

ಪಠ್ಯಪುಸ್ತಕದಲ್ಲಿ ಸಂಶೋಧಕನ ಹೆಸರು, ಇಸವಿ, ಅಲ್ಲಿಗೆ ಪಾಠ ಮುಗೀತು. ನಿಜವಾದ ಕತೆ ಆಮೇಲೆ ಶುರುವಾಗುತ್ತೆ. ಅದರ ರೇಟ್ ಎಷ್ಟು? ಅದು ಯಾವ ಭಾಷೆ ಮಾತಾಡುತ್ತೆ? ಮಾನ್ವಿಗೋ ದೇವದುರ್ಗಕ್ಕೋ ಬರೋ ಹೊತ್ತಿಗೆ ಎಷ್ಟು ವರ್ಷ ಆಗಿರುತ್ತೆ?

ಸ್ವೈಪ್ ಮಾಡಬೇಡಿ, ಓದಿ. ಸ್ಲೈಡ್‌ನಲ್ಲಿ ಬರೀ ಫೋಟೋ ಇದೆ.

2/10

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ನಮ್ಮ ರಾಯಚೂರಲ್ಲೇ ಕೂಡಿದವು. ಅದಾಗಿ ಐದು ವರ್ಷಕ್ಕೆ, 1876ರಲ್ಲಿ, ಅಮೆರಿಕದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿತು. ಇಷ್ಟು ಎಲ್ಲರಿಗೂ ಗೊತ್ತು, ಎಸ್ಸೆಸ್ಸೆಲ್ಸಿಯಲ್ಲಿ ಒಂದು ಮಾರ್ಕಿನ ಪ್ರಶ್ನೆ.

ಗೊತ್ತಿಲ್ಲದಿರೋದು ಇದು: ಬೆಲ್‌ನ ತಾಯಿಗೆ ಸರಿಯಾಗಿ ಕಿವಿ ಕೇಳುತ್ತಿರಲಿಲ್ಲ. ಅವನ ಹೆಂಡತಿ ಮೇಬಲ್‌ಗೆ ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಬೆಲ್ ವೃತ್ತಿಯಿಂದ ಕಿವುಡ ಮಕ್ಕಳ ಮೇಷ್ಟ್ರು. ದನಿಯನ್ನು ತಂತಿಯಲ್ಲಿ ಕಳಿಸಬಹುದು ಅನ್ನೋ ಹುಚ್ಚು ಅವನಿಗೆ ಹತ್ತಿದ್ದರಲ್ಲಿ ಆ ಮಕ್ಕಳ ಜೊತೆ ಮಾಡಿದ ಕೆಲಸದ ಪಾಲು ದೊಡ್ಡದು. ಅಂದ್ರೆ ಕಿವಿ ಕೇಳದವರ ನಡುವೆ ಬೆಳೆದ ಯೋಚನೆಯಿಂದ ಹುಟ್ಟಿದ ಯಂತ್ರವನ್ನ ಕಿವಿ ಕೇಳದವರೇ ಬಳಸೋ ಹಾಗಿರಲಿಲ್ಲ. ಮೇಬಲ್ ತನ್ನ ಗಂಡನ ಟೆಲಿಫೋನಿನಲ್ಲಿ ಮಾತು ಕೇಳಿಸಿಕೊಳ್ಳೋಕೆ ಆಗುತ್ತಿರಲಿಲ್ಲ. ಊರೆಲ್ಲ ಫೋನ್ ಬಂದ ಮೇಲೆ ಕಿವುಡರ ಸ್ಥಿತಿ ಮೊದಲಿಗಿಂತ ಕಷ್ಟ ಆಯ್ತು, ಯಾಕಂದ್ರೆ ಫೋನ್ ಎತ್ತಬೇಕಾದ ಕೆಲಸ ಯಾವುದೂ ಅವರಿಗೆ ಸಿಗಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಸೇರಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅವರು ಕೂತು, ಶಾಲೆಯಲ್ಲಿ ಸನ್ನೆ ಭಾಷೆ ಬೇಡ, ತುಟಿ ನೋಡಿ ಅರ್ಥ ಮಾಡಿಕೊಂಡು ಬಾಯಲ್ಲೇ ಮಾತಾಡೋದನ್ನ ಕಲಿಸಿ ಅಂತ ಠರಾವು ಪಾಸು ಮಾಡಿದರು. ಬೆಲ್ ಕೂಡ ಜೀವನಪೂರ್ತಿ ಇದೇ ವಾದದವನು. ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಪೆಟ್ಟು ಬಿತ್ತು. ಅದೇ ಸಮ್ಮೇಳನದ ಮುಂದಿನ ತಲೆಮಾರು ಇದಕ್ಕೆ ವಿಷಾದ ಹೇಳಿದ್ದು 2010ರಲ್ಲಿ, 130 ವರ್ಷ ಆದ ಮೇಲೆ.

ಬೆಲ್ ಒಳ್ಳೆಯವನೋ ಕೆಟ್ಟವನೋ ಅಂತ ಕಾಮೆಂಟ್‌ನಲ್ಲಿ ಜಗಳ ಆಡಬೇಡಿ. ಹೆಂಡತಿಯನ್ನ ಪ್ರೀತಿಸಿದ, ಕಿವುಡರ ಭಾಷೆಯನ್ನ ಬೇಡ ಅಂದ. ಎರಡೂ ಅವನೇ.

3/10

ಕಿವಿ ಕೇಳದವರು ಫೋನ್ ಬಳಸೋದಕ್ಕೆ 88 ವರ್ಷ ಕಾಯಬೇಕಾಯ್ತು. ಕೊನೆಗೆ ಅದನ್ನ ಮಾಡಿದವರು ಫೋನ್ ಕಂಪನಿಯವರಲ್ಲ.

ರಾಬರ್ಟ್ ವೈಟ್‌ಬ್ರೆಕ್ಟ್ ಅಂತ ಒಬ್ಬ ಭೌತವಿಜ್ಞಾನಿ, ಹುಟ್ಟಿನಿಂದ ಕಿವಿ ಕೇಳದವನು. ಜೇಮ್ಸ್ ಮಾರ್ಸ್ಟರ್ಸ್ ಅಂತ ಹಲ್ಲಿನ ಡಾಕ್ಟರ್, ಅವನಿಗೂ ಕಿವಿ ಕೇಳಲ್ಲ. ಇಬ್ಬರೂ ಕ್ಯಾಲಿಫೋರ್ನಿಯಾದವರು. ಆ ಕಾಲಕ್ಕೆ ತಂತಿ ಸಂದೇಶ ಟೈಪ್ ಮಾಡೋ ಟೆಲಿಪ್ರಿಂಟರ್ ಅನ್ನೋ ದೈತ್ಯ ಮಷೀನ್ ಇತ್ತು. ಕಂಪನಿಗಳು ಹಳೆಯದನ್ನ ಗುಜರಿಗೆ ಹಾಕುತ್ತಿದ್ದವು. ಇವರು ಅದನ್ನ ತಂದರು. ಟೈಪ್ ಮಾಡಿದ ಅಕ್ಷರವನ್ನ 'ಪೀಂ ಪೀಂ' ಸದ್ದಾಗಿ ಬದಲಾಯಿಸೋ ಒಂದು ಪೆಟ್ಟಿಗೆಯನ್ನ ವೈಟ್‌ಬ್ರೆಕ್ಟ್ ಕಟ್ಟಿದ. ಫೋನಿನ ರಿಸೀವರ್ ಎತ್ತಿ ಆ ಪೆಟ್ಟಿಗೆ ಮೇಲೆ ಮಲಗಿಸಬೇಕು. ಸದ್ದು ತಂತಿಯಲ್ಲಿ ಹೋಗಿ ಆ ಕಡೆಯ ಪೆಟ್ಟಿಗೆಯಲ್ಲಿ ಮತ್ತೆ ಅಕ್ಷರ ಆಗುತ್ತೆ. 1964ರಲ್ಲಿ ಇಬ್ಬರು ಕಿವುಡರು ಮಾಮೂಲಿ ಫೋನ್ ಲೈನಿನಲ್ಲಿ 'ಮಾತಾಡಿದರು'. ಬಂಡವಾಳ ಏನು? ಗುಜರಿ ಸಾಮಾನು ಮತ್ತು ತಲೆ.

ಈಗ ಮುಂದಕ್ಕೆ ಬನ್ನಿ. ಇಂಟರ್ನೆಟ್ಟಿನ ತಂದೆ ಅಂತ ಕರೆಸಿಕೊಳ್ಳೋ ಇಬ್ಬರಲ್ಲಿ ಒಬ್ಬ ವಿಂಟ್ ಸರ್ಫ್. ಅವನಿಗೂ ಸರಿಯಾಗಿ ಕಿವಿ ಕೇಳಲ್ಲ, ಹೆಂಡತಿ ಸಿಗ್ರಿಡ್‌ಗೆ ಚಿಕ್ಕಂದಿನಲ್ಲೇ ಕಿವಿ ಹೋಗಿತ್ತು. ಇಮೇಲ್ ತನ್ನಂಥವರಿಗೆ ಎಷ್ಟು ದೊಡ್ಡ ಅನುಕೂಲ ಅಂತ ಅವನು ಮತ್ತೆ ಮತ್ತೆ ಹೇಳಿದ್ದಾನೆ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್‌ನಲ್ಲಿ.

ಯೋಚನೆ ಮಾಡಿ ನೋಡ್ರಿ. "ಕಾಲ್ ಮಾಡಬ್ಯಾಡ, ಮೆಸೇಜ್ ಹಾಕು" ಅಂತ ನಾವು ದಿನಾ ಹೇಳ್ತೀವಿ. ಅಕ್ಷರದಲ್ಲಿ ಹರಟೆ ಹೊಡೆಯೋ ನಮ್ಮ ಈ ಚಟವನ್ನ ನಮಗಿಂತ ಮೂವತ್ತು ನಲವತ್ತು ವರ್ಷ ಮೊದಲೇ ಶುರು ಮಾಡಿದವರು ಕಿವಿ ಕೇಳದವರು.

ಆದರೆ ಇದರಲ್ಲಿ ಒಂದು ಷರತ್ತು ಅಡಗಿದೆ. ಅಕ್ಷರ ಬರಬೇಕು. ಅದು ಬರದವರ ಕತೆ 7ನೇ ಪೋಸ್ಟ್‌ನಲ್ಲಿ.

4/10

ಅಕೌಂಟ್ಸ್ ಓದೋರಿಗೆ ಇಷ್ಟ ಆಗೋ ಪೋಸ್ಟ್ ಇದು. ರಾಯಲ್ಟಿ ಚಾಪ್ಟರ್ ನೆನಪಿದೆಯಾ? ಜರ್ನಲ್ ಎಂಟ್ರಿ ಬರೆದು ಬರೆದು ಸಾಕಾಗಿತ್ತಲ್ಲ, ಅದೇ.

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ನಿಮ್ಮ ಕೈಯಲ್ಲಿರೋ ಫೋನಿನಲ್ಲಿ ಈಗ ಅವು ನೂರಾರು ಕೋಟಿ ಇವೆ. ಆ ಟ್ರಾನ್ಸಿಸ್ಟರ್ ಹಾಕಿ ಅಂಗಡಿಗೆ ಬಂದ ಮೊದಲ ವಸ್ತು ಯಾವುದು ಅಂತ ಕೇಳಿದರೆ ಎಲ್ಲರೂ ರೇಡಿಯೋ ಅಂತಾರೆ. ಅಲ್ಲ. ಅದು ಕಿವಿ ಮಷೀನ್. 1952ರ ಕೊನೆಗೆ ಬಂದ ಸೋನೋಟೋನ್ ಕಂಪನಿಯ 1010 ಅನ್ನೋ ಮಾಡೆಲ್. ಟ್ರಾನ್ಸಿಸ್ಟರ್ ರೇಡಿಯೋ ಬಂದಿದ್ದು 1954ರಲ್ಲಿ.

ಅದಕ್ಕೆ ಮುಂಚೆ ಕಿವಿ ಮಷೀನ್ ಒಳಗೆ ಗಾಜಿನ ವಾಲ್ವ್‌ಗಳಿದ್ದವು. ಬ್ಯಾಟರಿ ಕಟ್ಟಿನ ತೂಕವನ್ನ ಸೊಂಟಕ್ಕೋ ಎದೆಗೋ ಕಟ್ಟಿಕೊಂಡು ಓಡಾಡಬೇಕಿತ್ತು, ಬ್ಯಾಟರಿ ಖರ್ಚೂ ವಿಪರೀತ. ಟ್ರಾನ್ಸಿಸ್ಟರ್ ಬಂದ ಮೇಲೆ ಅದು ಕಿವಿ ಹಿಂದೆ ಕೂರೋವಷ್ಟು ಚಿಕ್ಕದಾಯ್ತು.

ಯಾಕೆ ಕಿವಿ ಮಷೀನ್ ಮೊದಲು? ಒಂದು ಕಾರಣ ಲೆಕ್ಕದ್ದು. ಟ್ರಾನ್ಸಿಸ್ಟರ್ ಪೇಟೆಂಟ್ ಬಳಸೋ ಎಲ್ಲ ಕಂಪನಿಗಳೂ ರಾಯಲ್ಟಿ ಕಟ್ಟಬೇಕಿತ್ತು. ಕಿವಿ ಮಷೀನ್ ಮಾಡೋರಿಗೆ ಮಾತ್ರ ಅದನ್ನ ಬಿಟ್ಟುಕೊಟ್ಟರು, ಕಿವುಡರ ಮೇಷ್ಟ್ರಾಗಿದ್ದ ಬೆಲ್‌ನ ನೆನಪಿಗೆ. ಬೆಲ್‌ನ ಬಗ್ಗೆ 2ನೇ ಪೋಸ್ಟ್‌ನಲ್ಲಿ ಬರೆದಿದ್ದಕ್ಕೆ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ.

ಈಗ ನಮ್ಮ ಲೆಕ್ಕ. ಭಾರತದಲ್ಲಿ ಕಿವಿ ಮಷೀನ್‌ಗೆ ಜಿಎಸ್‌ಟಿ ಇಲ್ಲ, ಪೂರ್ತಿ ವಿನಾಯಿತಿ. ಅದರೊಳಗೆ ಹಾಕೋ ಗುಂಡಿಯಂಥ ಸೆಲ್‌ಗೆ ಇದೆ. ಆ ಸೆಲ್ ಜಿಂಕ್-ಏರ್ ಜಾತಿಯದು. ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ಒಳಗೆ ಹೋಗಿ ಕೆಲಸ ಶುರು, ಆಮೇಲೆ ಬಳಸಿದರೂ ಬಳಸದಿದ್ದರೂ ಕೆಲವೇ ದಿನ, ಹೆಚ್ಚಂದ್ರೆ ಎರಡು ಮೂರು ವಾರ. ಶಿಬಿರದಲ್ಲಿ ಪುಕ್ಕಟೆ ಸಿಕ್ಕ ಮಷೀನ್ ಹಳ್ಳಿ ಮನೆಗಳ ಮಾಡದಲ್ಲಿ, ದೇವರ ಫೋಟೋ ಪಕ್ಕದಲ್ಲಿ ಕೂತಿರೋದು ಯಾಕೆ ಅಂತ ಈಗ ತಿಳೀತಲ್ಲ? ಫಿಕ್ಸೆಡ್ ಕಾಸ್ಟ್ ಸರ್ಕಾರದ್ದು, ರನ್ನಿಂಗ್ ಕಾಸ್ಟ್ ಅಜ್ಜನದು.

5/10

ಕರ್ನಾಟಕಕ್ಕೆ ಬರೋಣ.

1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ಶುರುವಾಯ್ತು. ಆಗ ರಾಯಚೂರು ಮೈಸೂರಿನ ಜೊತೆ ಇರಲಿಲ್ಲ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಅದಾಗಿ ಒಂಬತ್ತು ವರ್ಷಕ್ಕೆ, 1965ರಲ್ಲಿ, ಕೇಂದ್ರ ಸರ್ಕಾರ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಟ್ಟಿತು. ಮೈಸೂರಿನವರು 'ಸ್ಪೀಚ್ ಅಂಡ್ ಹಿಯರಿಂಗ್' ಅಂತಾರೆ, ಮಾನಸಗಂಗೋತ್ರಿ ಹತ್ತಿರ ಇದೆ. ಮಾತು ಮತ್ತು ಕೇಳಿಸಿಕೊಳ್ಳೋದರ ಬಗ್ಗೆ ಓದಿಸೋ, ಪರೀಕ್ಷೆ ಮಾಡೋ, ಚಿಕಿತ್ಸೆ ಕೊಡೋ ಕೆಲಸಕ್ಕೆ ಇಡೀ ದೇಶದಲ್ಲಿ ದೊಡ್ಡ ಹೆಸರು. ಕನ್ನಡ ಮಾತಾಡೋ ಮಗುವಿನ ಮಾತು ಹೇಗೆ ಬೆಳೆಯುತ್ತೆ, ಕನ್ನಡದಲ್ಲಿ ಪರೀಕ್ಷೆ ಹೇಗೆ ಮಾಡಬೇಕು ಅನ್ನೋದನ್ನ ಶಾಸ್ತ್ರವಾಗಿ ಅಭ್ಯಾಸ ಮಾಡಿದವರು ಅಲ್ಲಿಯವರು. ಇಂಗ್ಲಿಷ್ ಪರೀಕ್ಷೆಯನ್ನ ಅನುವಾದ ಮಾಡಿದರೆ ಕೆಲಸ ಆಗಲ್ಲ. ನಮ್ಮ 'ಳ' ಅವರಲ್ಲಿ ಇಲ್ಲವೇ ಇಲ್ಲ.

ಒಂದೇ ತಕರಾರು. ದೇವದುರ್ಗದಿಂದ ಮೈಸೂರು ಐನೂರು ಕಿಲೋಮೀಟರ್ ಮೇಲೆ. ಮಗುವಿಗೆ ಮಾತು ಕಲಿಸೋದು ಇಂಜೆಕ್ಷನ್ ಕೊಟ್ಟ ಹಾಗಲ್ಲ, ವಾರ ವಾರ ಕೂರಬೇಕು, ತಿಂಗಳುಗಟ್ಟಲೆ.

ಕಾನೂನಿನ ಕತೆ ಇನ್ನೂ ವಿಚಿತ್ರ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು. ಕಿವಿ ಕೇಳದಿರೋದು ಇತ್ತು, ಮಾತು ಹೋಗಿರೋದು ಪ್ರತ್ಯೇಕವಾಗಿ ಇರಲಿಲ್ಲ. ಕಿವಿ ಸರಿ ಇದ್ದು ಮಾತು ಮಾತ್ರ ಹೋದವನಿಗೆ ಆ ಪಟ್ಟಿಯಲ್ಲಿ ತನ್ನದೇ ಅಂತ ಒಂದು ಸಾಲೂ ಇರಲಿಲ್ಲ. 2016ರ ಹೊಸ ಕಾಯ್ದೆ 21 ಬಗೆ ಹೇಳುತ್ತೆ, ಅದರಲ್ಲಿ 'ವಾಕ್ ಮತ್ತು ಭಾಷಾ ವೈಕಲ್ಯ' ಒಂದು. ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರು, ಮಿದುಳಿಗೆ ಪೆಟ್ಟಾಗಿ ಭಾಷೆ ಕಳಕೊಂಡವರು, ಈ ಎರಡನ್ನೂ ಹೆಸರು ಹಿಡಿದು ಹೇಳಿದೆ. ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ.

ಬೆಲ್ ಫೋನ್ ಮಾಡಿ ಆಗಲೇ 141 ವರ್ಷ.

6/10

ಚಿಕ್ಕ ಪೋಸ್ಟ್. ಎಲ್ಲರೂ ಕೇಳಿರೋ ದನಿಯ ಬಗ್ಗೆ.

ಸ್ಟೀಫನ್ ಹಾಕಿಂಗ್‌ಗೆ 1985ರಲ್ಲಿ ನ್ಯುಮೋನಿಯಾ ಆಗಿ ಜೀವ ಉಳಿಸೋದಕ್ಕೆ ಗಂಟಲಲ್ಲಿ ರಂಧ್ರ ಮಾಡಿದರು, ಉಳಿದಿದ್ದ ಅಸ್ಪಷ್ಟ ಮಾತೂ ಹೋಯ್ತು. ಮೊದಮೊದಲು ಯಾರಾದರೂ ಅಕ್ಷರದ ಹಲಗೆ ಹಿಡಿದು ಒಂದೊಂದೇ ಅಕ್ಷರ ತೋರಿಸಬೇಕು, ಇವನು ಹುಬ್ಬು ಏರಿಸಬೇಕು. ಆಮೇಲೆ ವಾಲ್ಟರ್ ವೋಲ್ಟೋಜ್ ಅನ್ನೋ ಅಮೆರಿಕನ್ ಒಂದು ಪ್ರೋಗ್ರಾಂ ಕಳಿಸಿದ. ಗುಂಡಿ ಒತ್ತಿದರೆ ಪರದೆ ಮೇಲಿನ ಪದ ಆಯ್ಕೆ ಆಗುತ್ತೆ. ಅದನ್ನ ಅವನು ಮೊದಲು ಬರೆದದ್ದು ತನ್ನ ಅತ್ತೆಗೋಸ್ಕರ, ಆಕೆಗೂ ಇದೇ ಕಾಯಿಲೆ.

ಆ ಪದಗಳನ್ನ ಓದಿದ ಯಂತ್ರದ ದನಿ ಯಾರದು ಗೊತ್ತಾ? ಎಂಐಟಿಯ ಡೆನ್ನಿಸ್ ಕ್ಲ್ಯಾಟ್ ಅನ್ನೋ ಸಂಶೋಧಕ ತನ್ನದೇ ದನಿಯನ್ನ ಅಳತೆ ಮಾಡಿ ಕಟ್ಟಿದ್ದು. ಅದೇ ಹೊತ್ತಿಗೆ ಕ್ಲ್ಯಾಟ್‌ಗೆ ಕ್ಯಾನ್ಸರ್. ತನ್ನ ಸ್ವಂತ ದನಿ ಹೋಗುತ್ತಾ ಹೋಯ್ತು, 1988ರಲ್ಲಿ ತೀರಿಕೊಂಡ. ಅವನ ದನಿ ಹಾಕಿಂಗ್ ಬಾಯಲ್ಲಿ ಇನ್ನೂ ಮೂವತ್ತು ವರ್ಷ ಬದುಕಿತು.

ಹಾಕಿಂಗ್ ಇಂಗ್ಲೆಂಡಿನವನು, ಯಂತ್ರದ್ದು ಅಮೆರಿಕದ ಉಚ್ಚಾರಣೆ. ಮುಂದೆ ಇದಕ್ಕಿಂತ ಚೆನ್ನಾದ ದನಿಗಳು ಬಂದವು, ಅವನು ಬದಲಾಯಿಸಲಿಲ್ಲ. ಆ ಹೊತ್ತಿಗೆ ಅದು ಅವನದೇ ದನಿ ಆಗಿಬಿಟ್ಟಿತ್ತು.

7/10

ನಮ್ಮ ದೊಡ್ಡಪ್ಪ ಮಾನ್ವಿಯ ಒಂದು ರೈಸ್ ಮಿಲ್‌ನಲ್ಲಿ ಹಮಾಲಿ. ನಲವತ್ತು ವರ್ಷ ಬೀಡಿ. ಗಂಟಲಲ್ಲಿ ಗಂಟಾಯ್ತು, ದೂರದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳೀತು. ಈಗ ಉಸಿರು ಮೂಗಿನಿಂದ ಬರಲ್ಲ, ಕುತ್ತಿಗೆ ಕೆಳಗಿನ ತೂತಿನಿಂದ ಬರುತ್ತೆ. ಬಸ್ ಸ್ಟ್ಯಾಂಡಿನ ಆಚೆ ಬದಿಯಿಂದ ಕರೆದರೆ ಇಡೀ ಬಸ್ ತಿರುಗಿ ನೋಡೋವಂಥ ದನಿ ಇದ್ದ ಮನುಷ್ಯ.

ಇಂಥವರಿಗೆ ಮಾತು ವಾಪಸ್ ತರೋ ಸಾಧನ ಇದೆ. ಉಸಿರಿನ ನಾಳ ಮತ್ತು ಅನ್ನನಾಳದ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ದಾರಿ ಮಾಡಿ, ಅದರಲ್ಲಿ ಒಂದೇ ಕಡೆ ತೆರೆಯೋ ಸಿಲಿಕೋನ್ ವಾಲ್ವ್ ಕೂಡಿಸ್ತಾರೆ. ಕುತ್ತಿಗೆ ತೂತನ್ನ ಬೆರಳಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳಕ್ಕೆ ಹೋಗುತ್ತೆ, ಅಲ್ಲಿನ ಗೋಡೆ ಅದುರಿ ದನಿ ಹುಟ್ಟುತ್ತೆ. ಬಾಯಿ ನಾಲಿಗೆ ಮೊದಲಿನ ಹಾಗೇ ಮಾತು ಮಾಡ್ತವೆ. ವಾಲ್ವ್ ಒಂದೇ ಕಡೆ ತೆರೆಯೋದ್ರಿಂದ ಊಟ ನೀರು ಶ್ವಾಸಕೋಶಕ್ಕೆ ಹೋಗಲ್ಲ. ಅಮೆರಿಕದ ಡಾಕ್ಟರ್ ಸಿಂಗರ್ ಮತ್ತು ವಾಕ್ ತಜ್ಞ ಬ್ಲಾಮ್ ಇದನ್ನ ಮಾಡಿದ್ದು 1979-80ರ ಹೊತ್ತಿಗೆ.

2015ರ ಹೊತ್ತಿಗೆ ಭಾರತದಲ್ಲಿ ಅದರ ರೇಟ್ ಹದಿನೈದರಿಂದ ಮೂವತ್ತು ಸಾವಿರ ಇತ್ತು, ಆಮದು ಮಾಲು. ಅದೂ ಒಂದು ಸಲಕ್ಕೆ ಮುಗಿಯಲ್ಲ, ಸವೆದಾಗ ಬದಲಾಯಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಅವರ ಹತ್ತಿರ ಬರೋ ರೋಗಿಗಳು ದುಡ್ಡಿಲ್ಲದೆ ಮಾತು ಬಿಟ್ಟು ಹೋಗ್ತಿದ್ದರು. ಅವರು ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ತಾವೇ ಒಂದು ವಾಲ್ವ್ ಮಾಡಿದರು. ಹೆಸರು 'ಓಂ'. 2015ರಲ್ಲಿ ದೇಶದ ತುಂಬಾ ಸುದ್ದಿ ಆಯ್ತು, ಕಾರಣ ಅದರ ಬೆಲೆ: 50 ರೂಪಾಯಿ.

ನಮ್ಮ ಕಾಲೇಜ್ ಎದುರು ಒಂದು ಪ್ಲೇಟ್ ಗೋಬಿ.

(ಜಾಗ ಸಾಲಲಿಲ್ಲ. ಉಳಿದದ್ದು ಕೆಳಗೆ ಪಿನ್ ಮಾಡಿದ ಕಾಮೆಂಟ್‌ನಲ್ಲಿ.)

ಕಾಮೆಂಟ್: ಇಲ್ಲಿ ನನ್ನ ಕಾಸ್ಟ್ ಶೀಟ್ ಶುರು. ಡೈರೆಕ್ಟ್ ಮಟೀರಿಯಲ್ 50 ರೂಪಾಯಿ. ಓವರ್‌ಹೆಡ್? ಅದನ್ನ ಕೂಡಿಸೋಕೆ, ಬದಲಾಯಿಸೋಕೆ ಕಲಿತ ಡಾಕ್ಟರ್ ಬೇಕು. ದಿನಾ ಸ್ವಚ್ಛ ಮಾಡೋದನ್ನ ಹೇಳಿಕೊಡೋರು ಬೇಕು. ವಾಲ್ವ್ ಸೋರಿದರೆ ಕೂಡಲೇ ಓಡಬೇಕು. ದೊಡ್ಡಪ್ಪಗೆ ಓಡೋದು ಅಂದ್ರೆ ರಾತ್ರಿ ಬಸ್ಸು, ಜೊತೆಗೊಬ್ಬರು, ಇಬ್ಬರ ಕೂಲಿ, ಲಾಡ್ಜು, ಊಟ. ಅವರು ವಾಲ್ವ್ ಬೇಡ ಅಂದರು. ಚಪ್ಪಾಳೆ, ಕೈಸನ್ನೆ, ನಾಲಿಗೆಯಿಂದ 'ಟಕ್' ಅನ್ನಿಸೋದು, ಇಷ್ಟರಲ್ಲೇ ನಡೆಸ್ತಾರೆ. ಒಂದು ಕೌಂಟರಿನಲ್ಲಿ "ಮಾತು ಬರಲ್ಲಾಂದ್ರ ಬರೆದು ತೋರಿಸ್ರಿ" ಅಂದರಂತೆ. ದೊಡ್ಡಪ್ಪಗೆ ಓದು ಬರಹ ಬರಲ್ಲ. 3ನೇ ಪೋಸ್ಟಿನ ಷರತ್ತು ಇದೇ.

ಡಾ. ರಾವ್ ಮಾಡಿದ ಕೆಲಸ ಚಿಕ್ಕದಲ್ಲ. ಮೂವತ್ತು ಸಾವಿರದ ಗೋಡೆ ಕೆಡವಿದ್ದಾರೆ. ಅದರ ಹಿಂದೆ ಇನ್ನೊಂದು ಗೋಡೆ ಇತ್ತು, ಅದು ಅವರದಲ್ಲ, ನಮ್ಮ ಜಿಲ್ಲೆಯದು.

8/10

5ನೇ ಪೋಸ್ಟ್ ಓದಿ ದೇವದುರ್ಗ ಕಡೆಯ ಒಬ್ಬರು ಮೆಸೇಜ್ ಮಾಡಿದ್ರು (ಹೆಸರು ಹಾಕಲ್ಲ, ಕೇಳಿಯೇ ಬರೀತಿದ್ದೀನಿ): "ನಮ್ಮ ಅಮ್ಮಗ ಲಕ್ವ ಹೊಡದೈತಿ. ನೀರು ಬೇಕು ಅನ್ನಾಕ ಬರಂಗಿಲ್ಲ, ಆದ್ರ ಭಜನಿ ಪದ ಪೂರ್ತಿ ಹಾಡತಾಳ. ಮಂದಿ ನಾಟಕ ಮಾಡ್ತಾಳ ಅಂತಾರ." ಇಲ್ಲಿ ಅಮ್ಮ ಅಂದ್ರೆ ಅಜ್ಜಿ, ಬೇರೆ ಕಡೆಯವರಿಗೆ ಹೇಳಿದೆ.

ನಾಟಕ ಅಲ್ಲ. 1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ ಹತ್ತಿರ ಒಬ್ಬ ರೋಗಿ ಇದ್ದ. ಹೇಳಿದ್ದು ಅರ್ಥ ಆಗ್ತಿತ್ತು, ಬಾಯಿಂದ ಮಾತ್ರ 'ಟಾನ್' ಅನ್ನೋ ಒಂದೇ ಸದ್ದು. ಅವನು ಸತ್ತ ಮೇಲೆ ಮಿದುಳು ನೋಡಿದರೆ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿತ್ತು. ಮಾತು ಕಟ್ಟೋ ಕೆಲಸ ಹೆಚ್ಚಿನವರಲ್ಲಿ ಎಡ ಮಿದುಳಿನದು ಅಂತ ಆಗ ಗೊತ್ತಾಯ್ತು. ಲಕ್ವ ಎಡಭಾಗಕ್ಕೆ ಬಡಿದರೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗೋದು ಇದಕ್ಕೇ. ಇದಕ್ಕೆ ಅಫೇಸಿಯಾ ಅಂತಾರೆ. ನಾಲಿಗೆ ಸರಿ ಇರುತ್ತೆ, ಬುದ್ಧಿ ಸರಿ ಇರುತ್ತೆ, ಪದ ಸಿಗಲ್ಲ. ಎಷ್ಟೋ ಸಲ ಬರೆಯೋದೂ ಹೋಗುತ್ತೆ. ಹಾಗಾಗಿ ಟೈಪ್ ಮಾಡೋ ಆ್ಯಪ್ ಇವರಲ್ಲಿ ಎಷ್ಟೋ ಜನಕ್ಕೆ ಉಪಯೋಗಕ್ಕೆ ಬರಲ್ಲ.

ರಾಗಕ್ಕೆ ಬಲ ಮಿದುಳಿನ ಆಸರೆಯೂ ಇರುತ್ತೆ, ಬಾಯಿಪಾಠದ ಹಾಡು ಎಷ್ಟೋ ಸಲ ಉಳಕೊಳ್ಳುತ್ತೆ. 1973ರಲ್ಲಿ ಬಾಸ್ಟನ್‌ನ ಮೂವರು ತಜ್ಞರು ಇದನ್ನೇ ಹಿಡಿದು ಒಂದು ಚಿಕಿತ್ಸೆ ಮಾಡಿದರು. ರೋಗಿಯ ಎಡಗೈ ಮೇಲೆ ತಾಳ ತಟ್ಟುತ್ತಾ 'ನೀರು ಬೇಕು' ಅನ್ನೋವಂಥ ಮಾತನ್ನ ರಾಗವಾಗಿ ಹೇಳಿಸೋದು, ದಿನ ಕಳೆದಂತೆ ರಾಗ ಕಡಿಮೆ ಮಾಡೋದು. ಎಲ್ಲರಿಗೂ ಫಲ ಕೊಡಲ್ಲ, ಕೊಟ್ಟವರಿಗೂ ಪೂರ್ತಿ ಮಾತು ಬರಲ್ಲ. ವಾಕ್ ಚಿಕಿತ್ಸಕರ ಹತ್ತಿರವೇ ಕಲೀಬೇಕು. ಆದರೆ ಸಾಮಾನಿನ ಬೆಲೆ ಸೊನ್ನೆ.

ಮತ್ತೆ ರಾಗದ ವಿಷಯದಲ್ಲಿ ನಮ್ಮ ಜಿಲ್ಲೆ ಬಡ ಜಿಲ್ಲೆ ಅಲ್ಲ. ವಿಜಯದಾಸರ ಚೀಕಲಪರ್ವಿ ಮಾನ್ವಿ ಸೀಮೆಯದು, ಜಗನ್ನಾಥದಾಸರು ಮಾನ್ವಿಯವರು. ಭಜನಿ ಪದ, ಮೊಹರಂ ಪದ ಬಾಯಲ್ಲಿಲ್ಲದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಆ ಅಮ್ಮನಿಗೆ ಉಳಿದಿರೋದು ಇದೇ ಆಸ್ತಿ.

9/10

ಅಕ್ಷರ ಬರದವರಿಗೆ, ಬರೆಯೋಕೆ ಕೈ ಬರದವರಿಗೆ ಇನ್ನೊಂದು ದಾರಿ ಚಿತ್ರ.

ಚಾರ್ಲ್ಸ್ ಬ್ಲಿಸ್ ಅಂತ ಒಬ್ಬ ಯಹೂದಿ ಇಂಜಿನಿಯರ್. ಹಿಟ್ಲರನ ಕಾಲದಲ್ಲಿ ಡಾಖಾವ್, ಬುಖೆನ್‌ವಾಲ್ಡ್ ಸೆರೆಶಿಬಿರಗಳಲ್ಲಿದ್ದು ಬದುಕಿ ಬಂದವನು. ಬಿಡುಗಡೆ ಆದ ಮೇಲೆ ಶಾಂಘೈಗೆ ಹೋದ. ಅಲ್ಲಿ ಅಂಗಡಿ ಬೋರ್ಡಿನ ಚೀನೀ ಲಿಪಿ ನೋಡಿ, ಯಾವ ಭಾಷೆಯವರೂ ಓದಬಹುದಾದ ಚಿತ್ರಲಿಪಿ ಮಾಡಿದರೆ ಮನುಷ್ಯರು ಒಬ್ಬರನ್ನೊಬ್ಬರು ಕೊಲ್ಲಲ್ಲ ಅಂತ ಅನ್ನಿಸಿತು. 1949ರಲ್ಲಿ ಆಸ್ಟ್ರೇಲಿಯಾದಲ್ಲಿ ಪುಸ್ತಕ ಮಾಡಿದ. ಯಾರೂ ಕೊಳ್ಳಲಿಲ್ಲ. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳ ಟೀಚರ್ ಶರ್ಲಿ ಮೆಕ್‌ನಾಟನ್ ಆ ಚಿತ್ರಗಳನ್ನ ಹಲಗೆ ಮೇಲೆ ಅಂಟಿಸಿ ಮಕ್ಕಳ ಮುಂದಿಟ್ಟಳು. ಮಕ್ಕಳು ಬೆರಳಿಟ್ಟು 'ಮಾತಾಡಿದರು'.

ಬ್ಲಿಸ್‌ಗೆ ಮೊದಲು ಖುಷಿ. ಆಮೇಲೆ ಟೀಚರ್‌ಗಳು ಮಕ್ಕಳ ಅನುಕೂಲಕ್ಕೆ ಚಿತ್ರ ಬದಲಾಯಿಸ್ತಾರೆ ಅಂತ ಸಿಟ್ಟಾಗಿ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಜಗಳ. ಕೊನೆಗೆ ದುಡ್ಡು ಕೊಟ್ಟು ರಾಜಿ ಆಯ್ತು. ನನಗೆ ಅವನ ಮೇಲೆ ಕನಿಕರ ಇದೆ, ಆದರೆ ನಾನು ಟೀಚರ್ ಕಡೆ. ಭಾಷೆ ಮಾತಾಡೋರದು, ಮಾಡಿದವನದಲ್ಲ.

ನಮ್ಮ ಪಕ್ಕದ ಚೆನ್ನೈನಲ್ಲಿ ಅಜಿತ್ ನಾರಾಯಣನ್ ಅನ್ನೋ ಇಂಜಿನಿಯರ್ ವಿದ್ಯಾಸಾಗರ್ ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಿ 'ಆವಾಜ್' ಅನ್ನೋ ಸಾಧನ ಕಟ್ಟಿದರು. ಚಿತ್ರ ಮುಟ್ಟಿದರೆ ಯಂತ್ರ ಮಾತಾಡುತ್ತೆ. ಆ ಕಾಲಕ್ಕೆ ವಿದೇಶದ ಇಂಥ ಸಾಧನಕ್ಕೆ ಲಕ್ಷಗಳಲ್ಲಿ ಬೆಲೆ. 2011ರಲ್ಲಿ ಎಂಐಟಿಯ ಪತ್ರಿಕೆ ಕೊಡೋ ಯುವ ಸಂಶೋಧಕರ ಗೌರವ ಅವರಿಗೆ ಸಿಕ್ಕಿತು. ಮೊದಲು ಪ್ರತ್ಯೇಕ ಯಂತ್ರ, ಆಮೇಲೆ ಟ್ಯಾಬ್ಲೆಟ್ಟಿನ ಆ್ಯಪ್ ಆಯ್ತು. ಯಂತ್ರ ಹೋಗಿ ಆ್ಯಪ್ ಆಗಿದ್ದೇ ದೊಡ್ಡ ಬದಲಾವಣೆ, ಯಾಕಂದ್ರೆ ಟ್ಯಾಬ್ಲೆಟ್ ಹೇಗೂ ಲಕ್ಷಾಂತರ ಜನ ಕೊಳ್ತಾರೆ, ರೇಟ್ ಬೀಳುತ್ತೆ. ಎಕನಾಮಿಕ್ಸ್ ಪೇಪರಿನಲ್ಲಿ ಎಕನಾಮೀಸ್ ಆಫ್ ಸ್ಕೇಲ್‌ಗೆ ಇದನ್ನ ಉದಾಹರಣೆ ಬರೀರಿ, ಫ್ಯಾಕ್ಟರಿ ಬರೆದು ಬರೆದು ಬೇಜಾರಾಗಿದೆ.

10/10

ಉಳಿದಿರೋ ಪ್ರಶ್ನೆ ಭಾಷೆಯದು.

ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಾಗೋ ಯೂನಿಕೋಡ್ ಸಂಕೇತ 1991ರಿಂದ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡೋದಕ್ಕೆ 2012 ಬರಬೇಕಾಯ್ತು. ಬಾಯಲ್ಲಿ ಹೇಳಿದ ಕನ್ನಡವನ್ನ ಗೂಗಲ್ ಟೈಪ್ ಮಾಡಿದ್ದು 2017ರ ಆಗಸ್ಟ್‌ನಿಂದ. ಇದು ನಮಗೆ ಸೋಮಾರಿತನದ ಸೌಲಭ್ಯ. ಕಿವಿ ಕೇಳದ, ಕನ್ನಡ ಓದು ಬರುವ ಒಬ್ಬರ ಮುಂದೆ ಫೋನ್ ಹಿಡಿದು ಮಾತಾಡಿದರೆ ಅದೇ ಅವರ ಕಿವಿ. ಸನ್ನೆ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಶುರುವಾಯ್ತು, ಅದರ ಸನ್ನೆ ನಿಘಂಟು 2018ರಲ್ಲಿ 3,000 ಪದ ಇದ್ದದ್ದು 2021ಕ್ಕೆ 10,000 ಆಯ್ತು. ಎಲ್ಲ ವಿಡಿಯೋ ಆನ್‌ಲೈನ್‌ನಲ್ಲಿ ಪುಕ್ಕಟೆ. ಮಿಲಾನ್‌ನವರು ಬೇಡ ಅಂದದ್ದು ಇದನ್ನೇ.

ಒಂದು ಪರೀಕ್ಷೆ ಮಾಡಿ. ನಿಮ್ಮ ಫೋನಿನ ಮೈಕ್ ಒತ್ತಿ, ನ್ಯೂಸ್ ಓದೋರ ಹಾಗೆ "ನಾನು ಮನೆಗೆ ಹೋಗುತ್ತಿದ್ದೇನೆ" ಅನ್ನಿ. ಆಮೇಲೆ "ನಾ ಮನಿಗೆ ಹೊಂಟೀನಿ, ನೀ ಏನ್ ಮಾಡಕತ್ತಿ" ಅನ್ನಿ. ಏನು ಬಂತು ಅಂತ ಸ್ಕ್ರೀನ್‌ಶಾಟ್ ಹಾಕಿ. ಯಂತ್ರಕ್ಕೆ ಯಾರ ದನಿ ಹೆಚ್ಚು ಉಣ್ಣಿಸಿದ್ದಾರೋ ಅದೇ ಕನ್ನಡ ಅದಕ್ಕೆ ಬರುತ್ತೆ. ನಮ್ಮಲ್ಲಿ ಉರ್ದು, ತೆಲುಗು, ಲಂಬಾಣಿ ಬೇರೆ ಕಲೆತು ಬರುತ್ತೆ.

ಹಾಗಾಗಿ ದೊಡ್ಡಪ್ಪಗೆ ನಾನು ಮಾಡಿಕೊಟ್ಟದ್ದು ಆ್ಯಪ್ ಅಲ್ಲ, ಹಾಳೆ. ಇಪ್ಪತ್ನಾಲ್ಕು ಚೌಕ, ಒಂದೊಂದರಲ್ಲಿ ಒಂದು ಚಿತ್ರ, ಕೆಳಗೆ ನಮ್ಮ ಮಾತು, ಎದುರಿನವರು ಓದಲಿ ಅಂತ. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಸೇರಿ 40 ರೂಪಾಯಿ. ಮೊದಲ ಚೌಕದಲ್ಲಿ ಏನು ಬರೀಲಿ ಅಂತ ಅವರನ್ನೇ ಕೇಳಿದೆ. ನೀರು, ಊಟ, ಗುಳಿಗೆ ಒಂದೊಂದೇ ತೋರಿಸಿದೆ, ಎಲ್ಲಕ್ಕೂ ಕೈ ಆಡಿಸಿ ಬೇಡ ಅಂದರು. ಅವನ್ನ ಸನ್ನೆಯಲ್ಲೇ ಹೇಳಬಹುದಲ್ಲ. ಅರ್ಧ ತಾಸು ಸನ್ನೆ ಮಾಡಿ ಮಾಡಿ ಕೊನೆಗೆ ತಿಳೀತು. ಅವರಿಗೆ ಬೇಕಾಗಿದ್ದದ್ದು: "ತಡಿ, ನಂದಿನ್ನಾ ಮುಗುದಿಲ್ಲ."

ಅಂಗೈ ಎತ್ತಿದ ಚಿತ್ರ ಹಾಕಿದೆ. ಎರಡನೆಯದು "ರೇಟ್ ಭಾಳ ಆತು". ಮೂರನೆಯದು ದೊಡ್ಡಮ್ಮನಿಗೆ ಮಾತ್ರ, ಇಲ್ಲಿ ಬರೆಯಲ್ಲ.

ಕೌಂಟರಿನಲ್ಲಿ ಯಾರಾದರೂ "ಬರೆದೇ ತೋರಿಸ್ರಿ" ಅಂದರೆ ಹೇಳಿ: 2016ರ ಕಾಯ್ದೆಯಲ್ಲಿ ಸಂವಹನ ಅಂದ್ರೆ ಬರಹ ಅಷ್ಟೇ ಅಲ್ಲ, ಸನ್ನೆ ಭಾಷೆ, ದೃಶ್ಯ ಫಲಕ, ಮಾತಿಗೆ ಬದಲಾದ ಬೇರೆ ವಿಧಾನ ಎಲ್ಲ ಸೇರುತ್ತೆ. ಹಾಳೆ ಮೇಲೆ ಬೆರಳಿಟ್ಟರೂ ಅದು ಮಾತೇ.

ಕೊನೆಯ ಸ್ಲೈಡ್‌ನಲ್ಲಿ ಖಾಲಿ ಚೌಕಗಳ ಹಾಳೆ ಇದೆ, ಸೇವ್ ಮಾಡ್ಕೊಳ್ಳಿ. ಚಿತ್ರ ಬಿಡಿಸೋಕೆ ಬರೋರು, ತೆಲುಗು ಉರ್ದು ಲಂಬಾಣಿಯಲ್ಲಿ ಬರೆದುಕೊಡೋರು ಮೆಸೇಜ್ ಮಾಡಿ. ಯಾರಿಗೆ ಮಾಡ್ತೀರೋ ಅವರನ್ನ ಮೊದಲ ಚೌಕ ಏನು ಅಂತ ಕೇಳಿ, ಅರ್ಧ ತಾಸು ಇಟ್ಟುಕೊಂಡು ಕೂಡ್ರಿ.

#ರಾಯಚೂರು #ಮಾನ್ವಿ #ದೇವದುರ್ಗ #ಮಾತಿಗೆರೇಟ್ಎಷ್ಟು #ಬಿಕಾಂಇತಿಹಾಸ